ಗಡಿಗೆಯ ಗೋಡೆಯಿಂದ ಜಲಜನಕದ ಜರಡಿಯವರೆಗೆ



ಈ ತಿಂಗಳು ನಮ್ಮ ಗೋಡೆ ಪತ್ರಿಕೆಯ ವಿಜ್ಞಾನದ ಪುಟ ಬರೆಯುವ ಸರದಿ ನನ್ನದು. ನಾನು ಆರಿಸಿಕೊಂಡ ವಿಷಯ: ಜಲಜನಕ ಅನಿಲವನ್ನು ಸೋಸಿ ಶುದ್ಧ ಮಾಡುವ ಸೆರಾಮಿಕ್ ಪೊರೆಗಳು. ಹೆಸರು ಕೇಳಿದ ಕೂಡಲೇ "ಇದು ನಮಗಲ್ಲಪ್ಪ" ಅಂತ ಪಕ್ಕದ ಹಾಳೆಯ ಚುಟುಕಕ್ಕೆ ಹೋಗಬೇಡಿ. ಸೆರಾಮಿಕ್ ಅಂದರೆ ಬೆಂಕಿಯಲ್ಲಿ ಸುಟ್ಟು ಗಟ್ಟಿ ಮಾಡಿದ ಮಣ್ಣಿನಂಥ ಪದಾರ್ಥ. ಗಡಿಗೆ, ಹೆಂಚು, ಇಟ್ಟಿಗೆ, ಪಿಂಗಾಣಿ ಬಟ್ಟಲು ಎಲ್ಲವೂ ಅದೇ ಜಾತಿ. ಪೊರೆ ಅಂದರೆ ಕೆಲವನ್ನು ಒಳಗೆ ಬಿಟ್ಟು, ಕೆಲವನ್ನು ತಡೆಯುವ ತೆಳು ಗೋಡೆ. ಇಷ್ಟು ತಿಳಿದರೆ ಅರ್ಧ ಪಾಠ ಮುಗಿದ ಹಾಗೆ.

ನಾನು ಕುಂಬಾರರ ಮನೆಯ ಹುಡುಗ. ಅದಕ್ಕೇ ಈ ವಿಷಯ ನನ್ನನ್ನು ಹಿಡಿದು ಕೂರಿಸಿತು. ಮೊದಲು ಜಲಜನಕ ಯಾಕೆ ಬೇಕು ಅನ್ನೋದನ್ನು ನೋಡೋಣ, ಆಮೇಲೆ ಅದನ್ನು ಸೋಸುವ ಸಂಗತಿ.

1. ಜಲಜನಕ ನಮಗ್ಯಾಕೆ?

ಜಲಜನಕ, ಅಂದರೆ ಹೈಡ್ರೋಜನ್, ಎಲ್ಲಕ್ಕಿಂತ ಹಗುರವಾದ ಅನಿಲ. ಅದು ಉರಿದರೆ ನೀರಾಗುತ್ತದೆ, ಹೊಗೆ ಇಲ್ಲ. ಇಷ್ಟನ್ನು ನಾವು ಪಾಠದಲ್ಲಿ ಓದಿದ್ದೇವೆ. ಆದರೆ ಅದು ನಮ್ಮ ಊರಿಗೂ ದಿನಾ ಬರುತ್ತಿದೆ ಅಂದರೆ ನಂಬುತ್ತೀರಾ? ಬರುವುದು ಯೂರಿಯಾ ಚೀಲದೊಳಗೆ!

ಯೂರಿಯಾ ಮಾಡಲು ಅಮೋನಿಯಾ ಬೇಕು. ಅಮೋನಿಯಾ ಮಾಡಲು ಗಾಳಿಯ ಸಾರಜನಕವೂ ಜಲಜನಕವೂ ಬೇಕು. ಲೆಕ್ಕ ಹಾಕೋಣ. 60 ಗ್ರಾಂ ಯೂರಿಯಾಕ್ಕೆ 34 ಗ್ರಾಂ ಅಮೋನಿಯಾ ಬೇಕು, ಆ ಅಮೋನಿಯಾದಲ್ಲಿ 6 ಗ್ರಾಂ ಜಲಜನಕ ಇರುತ್ತದೆ. ಹಾಗಾದರೆ 45 ಕಿಲೋದ ಒಂದು ಚೀಲಕ್ಕೆ ನಾಲ್ಕೂವರೆ ಕಿಲೋ ಜಲಜನಕ. ಮಳೆ ಬಿದ್ದ ವಾರ ಸೊಸೈಟಿ ಮುಂದೆ ಸಾಲು ನಿಲ್ಲುತ್ತಾರಲ್ಲ, ಅವರೆಲ್ಲ ಒಂದು ಲೆಕ್ಕದಲ್ಲಿ ಜಲಜನಕಕ್ಕೇ ನಿಂತವರು.

ಮಂಗಳೂರಿನ ಪಣಂಬೂರಿನಲ್ಲಿ ಯೂರಿಯಾ ಕಾರ್ಖಾನೆ ಇದೆ. ಅಲ್ಲಿ ಮೊದಲು ನಾಫ್ತಾ ಎಂಬ ಎಣ್ಣೆಯಿಂದ ಜಲಜನಕ ತೆಗೆಯುತ್ತಿದ್ದರು. ಕೊಚ್ಚಿಯಿಂದ ಮಂಗಳೂರಿಗೆ ನೈಸರ್ಗಿಕ ಅನಿಲದ ಕೊಳವೆ ಮಾರ್ಗ ಬಂದ ಮೇಲೆ, ಅಂದರೆ 2021ರ ಜನವರಿಯಲ್ಲಿ ಉದ್ಘಾಟನೆಯಾದ ಮಾರ್ಗ, ಅನಿಲದಿಂದ ತೆಗೆಯುವ ದಾರಿ ತೆರೆಯಿತು. 2023ರಲ್ಲಿ ಇಡೀ ಪ್ರಪಂಚ ಬಳಸಿದ ಜಲಜನಕ ಸುಮಾರು 9.7 ಕೋಟಿ ಟನ್. ಹೆಚ್ಚಿನದು ಗೊಬ್ಬರಕ್ಕೆ ಮತ್ತು ಪೆಟ್ರೋಲ್ ಶುದ್ಧೀಕರಣಕ್ಕೆ ಹೋಯಿತು.

2. ಹುಟ್ಟುವಾಗಲೇ ಬೆರಕೆ

ಜಲಜನಕ ಗಣಿಯಿಂದ ಅಗೆದು ತರುವಂಥದ್ದಲ್ಲ, ಹೆಚ್ಚಾಗಿ ತಯಾರಿಸಿಕೊಳ್ಳಬೇಕು. ನೈಸರ್ಗಿಕ ಅನಿಲದಲ್ಲಿ ಮುಖ್ಯವಾಗಿ ಇರುವುದು ಮೀಥೇನ್. ಮೀಥೇನನ್ನು ನೀರಾವಿಯ ಜೊತೆ ಸೇರಿಸಿ, ನಿಕ್ಕಲ್ ಕ್ರಿಯಾವರ್ಧಕದ ಮೇಲೆ 800ರಿಂದ 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹಾಯಿಸಿದರೆ ಜಲಜನಕವೂ ಇಂಗಾಲದ ಮಾನಾಕ್ಸೈಡೂ ಬರುತ್ತವೆ. ಆ ಮಾನಾಕ್ಸೈಡಿಗೆ ಇನ್ನಷ್ಟು ನೀರಾವಿ ಕೊಟ್ಟರೆ ಅದು ಇಂಗಾಲದ ಡೈ ಆಕ್ಸೈಡ್ ಆಗಿ, ಇನ್ನೂ ಸ್ವಲ್ಪ ಜಲಜನಕ ಸಿಗುತ್ತದೆ.

ಆದರೆ ಕೊಳವೆಯ ಕೊನೆಯಲ್ಲಿ ಸಿಗುವುದು ಬರೀ ಜಲಜನಕ ಅಲ್ಲ. ಜಲಜನಕ, ಡೈ ಆಕ್ಸೈಡ್, ಉಳಿದ ಮಾನಾಕ್ಸೈಡ್, ಉಳಿದ ಮೀಥೇನ್, ನೀರಾವಿ ಎಲ್ಲ ಕಲಸಿದ ಚಿತ್ರಾನ್ನ. ಕಣದಲ್ಲಿ ರಾಗಿ ತುಳಿಸಿದ ಮೇಲೆ ಕಾಳು, ಹೊಟ್ಟು, ಕಲ್ಲು, ಮಣ್ಣು ಒಟ್ಟಿಗೆ ಬಿದ್ದಿರುವುದಿಲ್ಲವೇ, ಹಾಗೆ. ತೂರಬೇಕು, ಜರಡಿ ಹಿಡಿಯಬೇಕು.

ಸ್ವಲ್ಪ ಹೊಟ್ಟು ಉಳಿದರೆ ಏನು ಮಹಾ ಅಂತೀರಾ? ಅಮೋನಿಯಾ ಮಾಡುವ ಕಡೆ ಕಬ್ಬಿಣದ ಕ್ರಿಯಾವರ್ಧಕ ಇರುತ್ತದೆ. ಮಾನಾಕ್ಸೈಡ್, ಡೈ ಆಕ್ಸೈಡ್ ಎರಡೂ ಅದಕ್ಕೆ ವಿಷ. ಜಲಜನಕದಿಂದ ಓಡುವ ಬಸ್ಸು ಕಾರುಗಳ ಇಂಧನ ಕೋಶದಲ್ಲಿ ಪ್ಲಾಟಿನಂ ಇರುತ್ತದೆ. ಅದಂತೂ ಬಹಳ ನಾಜೂಕು. ಅದಕ್ಕೆ ಕೊಡುವ ಜಲಜನಕ ನೂರಕ್ಕೆ 99.97 ಭಾಗ ಶುದ್ಧ ಇರಬೇಕು, ಮಾನಾಕ್ಸೈಡ್ ಒಂದು ಕೋಟಿ ಭಾಗದಲ್ಲಿ ಎರಡು ಭಾಗಕ್ಕಿಂತ ಹೆಚ್ಚಿರಬಾರದು ಎಂದು ಅಂತರರಾಷ್ಟ್ರೀಯ ನಿಯಮವೇ ಇದೆ. ಒಂದು ಕೋಟಿ ಕಾಳಿನ ರಾಶಿಯಲ್ಲಿ ಎರಡೇ ಎರಡು ಕಲ್ಲು! ನಮ್ಮ ಅಜ್ಜಿ ಎಷ್ಟು ಕೇರಿದರೂ ಅಷ್ಟು ಶುದ್ಧ ಆಗಲಿಕ್ಕಿಲ್ಲ.

3. ಈಗ ಹೇಗೆ ಸೋಸುತ್ತಾರೆ?

ಇವತ್ತು ದೊಡ್ಡ ಕಾರ್ಖಾನೆಗಳಲ್ಲಿ ಶುದ್ಧ ಜಲಜನಕಕ್ಕೆ ಬಹುಪಾಲು ನಡೆಯುವುದು ಒತ್ತಡ ಏರಿಳಿಸುವ ವಿಧಾನ. ಎತ್ತರದ ಉಕ್ಕಿನ ಗೋಪುರಗಳಲ್ಲಿ ವಿಶೇಷ ಇದ್ದಿಲು ಮತ್ತು ಜಿಯೋಲೈಟ್ ಎಂಬ ಹರಳುಗಳನ್ನು ತುಂಬಿರುತ್ತಾರೆ. ಬೆರಕೆ ಅನಿಲವನ್ನು ತಣ್ಣಗೆ ಮಾಡಿ ಒತ್ತಡದಲ್ಲಿ ನುಗ್ಗಿಸಿದರೆ ಕಸದ ಅನಿಲಗಳು ಹರಳಿಗೆ ಅಂಟಿಕೊಳ್ಳುತ್ತವೆ, ಜಲಜನಕ ಮುಂದೆ ಹೋಗುತ್ತದೆ. ಆಮೇಲೆ ಒತ್ತಡ ಇಳಿಸಿದರೆ ಅಂಟಿದ್ದೆಲ್ಲ ಬಿಟ್ಟುಕೊಳ್ಳುತ್ತದೆ. ಹೀಗೆ ಒಂದು ಗೋಪುರ ಕೆಲಸ ಮಾಡುವಾಗ ಇನ್ನೊಂದು ಕೊಡವಿಕೊಳ್ಳುತ್ತದೆ. ವಿಧಾನ ಒಳ್ಳೆಯದೇ, ಬಹಳ ಶುದ್ಧ ಜಲಜನಕ ಸಿಗುತ್ತದೆ. ಆದರೆ ಕೊಡವುವಾಗ ನೂರಕ್ಕೆ 10ರಿಂದ 30 ಭಾಗ ಜಲಜನಕವೂ ಕಸದ ಜೊತೆ ಹೋಗಿಬಿಡುತ್ತದೆ. ಅದನ್ನು ಒಲೆಗೆ ಉರುವಲಾಗಿ ಉಪಯೋಗಿಸುತ್ತಾರೆ ಅನ್ನಿ. ಆದರೂ ಕಾಳನ್ನೇ ಸೌದೆ ಮಾಡಿದ ಹಾಗಾಯಿತು. ಇನ್ನೊಂದು ತೊಂದರೆ: 800 ಡಿಗ್ರಿ ಕಾಯಿಸಿದ್ದನ್ನು ಸೋಸುವುದಕ್ಕೋಸ್ಕರ ತಣಿಸಬೇಕು.

ಇನ್ನೊಂದು ದಾರಿ ಪ್ಲಾಸ್ಟಿಕ್ ಪೊರೆ. 1980ರ ಸುಮಾರಿಗೆ ಅಮೆರಿಕದ ಮೊನ್ಸಾಂಟೊ ಕಂಪನಿ ಇದನ್ನು ಅಮೋನಿಯಾ ಕಾರ್ಖಾನೆಗಳಿಗೆ ತಂದಿತು. ಕಾರ್ಖಾನೆಯಿಂದ ಹೊರಗೆ ಬಿಡುವ ಅನಿಲದಿಂದ ಜಲಜನಕ ವಾಪಸು ಪಡೆಯುವುದಕ್ಕೆ ಅದು ಇವತ್ತಿಗೂ ಬಳಕೆಯಲ್ಲಿದೆ. ಆದರೆ ಪ್ಲಾಸ್ಟಿಕ್ ಶಾಖ ತಡೆಯುವುದಿಲ್ಲ. ಒಲೆಯ ಪಕ್ಕ ಬಿಂದಿಗೆ ಇಟ್ಟರೆ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು!

ಶಾಖಕ್ಕೆ ಹೆದರದ ಪದಾರ್ಥ ಯಾವುದು? ಬೆಂಕಿಯಲ್ಲೇ ಹುಟ್ಟಿದ್ದು. ಇಲ್ಲಿಂದ ಸೆರಾಮಿಕ್‌ನ ಕಥೆ ಶುರು.

4. ಗಡಿಗೆ ಯಾಕೆ ಬೆವರುತ್ತದೆ?

ಹೊಸ ಗಡಿಗೆಗೆ ನೀರು ತುಂಬಿ ಮರಳಿನ ಮೇಲಿಟ್ಟರೆ ಹೊರಮೈ ಒದ್ದೆಯಾಗುತ್ತದೆ. ಸ್ಟೀಲಿನ ಬಿಂದಿಗೆ ಹಾಗೆ ಸೋರುವುದಿಲ್ಲ. ಯಾಕೆಂದರೆ ಸುಟ್ಟ ಮಣ್ಣಿನ ಗೋಡೆಯಲ್ಲಿ ಕಣ್ಣಿಗೆ ಕಾಣದ ತೂತುಗಳಿವೆ. ನೀರು ಅದರಲ್ಲಿ ಜಿನುಗಿ, ಹೊರಗೆ ಆವಿಯಾಗಿ, ಒಳಗಿನ ಶಾಖ ತೆಗೆದುಕೊಂಡು ಹೋಗುತ್ತದೆ. ಚೆಂದ ಕಾಣಲಿ ಅಂತ ಗಡಿಗೆಗೆ ಎಣ್ಣೆ ಬಣ್ಣ ಬಳಿದರೆ ನೀರು ತಣ್ಣಗಾಗುವುದಿಲ್ಲ, ತೂತುಗಳೆಲ್ಲ ಮುಚ್ಚಿಹೋಗುತ್ತವೆ.

ಈ ತೂತುಗಳನ್ನು ಬೇಕೆಂದ ಹಾಗೆ ಮಾಡಿಕೊಳ್ಳಬಹುದು. ಜೇಡಿ ಮಣ್ಣಿಗೆ ಭತ್ತದ ಹೊಟ್ಟು ಸೇರಿಸಿ ಸುಟ್ಟರೆ ಹೊಟ್ಟು ಉರಿದುಹೋಗಿ ಅದರ ಜಾಗ ಖಾಲಿ ಉಳಿಯುತ್ತದೆ. ಇಟ್ಟಿಗೆ ಸುಡುವವರಿಗೆ ಇದು ಗೊತ್ತು. ಪ್ರಯೋಗಶಾಲೆಗಳಲ್ಲಿ ಸೆರಾಮಿಕ್ ಕೊಳವೆ ಮಾಡುವವರೂ ಹಿಟ್ಟಿನಂಥ ಉರಿದುಹೋಗುವ ಪುಡಿ ಬೆರೆಸಿ ಇದೇ ಉಪಾಯ ಮಾಡುತ್ತಾರೆ.

ನೀರು ಹೋಗುವ ತೂತಿನಲ್ಲಿ ಅನಿಲ ಹೋಗದೆ ಇರುತ್ತದೆಯೇ? ಹೋಗುತ್ತದೆ. ಆದರೆ ಎಲ್ಲ ಅನಿಲವೂ ಒಂದೇ ವೇಗದಲ್ಲಿ ಹೋಗುವುದಿಲ್ಲ. ಇದನ್ನು ಲೆಕ್ಕಕ್ಕೆ ತಂದವರು ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಥಾಮಸ್ ಗ್ರಹಾಂ (1805-1869).

5. ಗ್ರಹಾಂ ಅವರ ಲೆಕ್ಕ

ಗ್ರಹಾಂ ಮೊದಲು ಗಾಜಿನ ಕೊಳವೆಯ ಬಾಯಿಗೆ ಜಿಪ್ಸಂ ಗಾರೆಯ ಬಿರಟೆ ಹಾಕಿ, ಅದರ ಮೂಲಕ ಅನಿಲಗಳು ಎಷ್ಟು ಬೇಗ ಹೋಗುತ್ತವೆ ಅಂತ ಅಳೆದರು. ಆಮೇಲೆ ಹೊಗೆಸೊಪ್ಪು ಸೇದುವ ಮಣ್ಣಿನ ಚಿಲುಮೆಯ ಕೊಳವೆಯನ್ನೇ ತಂದು ಅನಿಲ ಬೇರ್ಪಡಿಸಿ ತೋರಿಸಿದರು. ಚಿಲುಮೆಯೇ ಪ್ರಯೋಗದ ಸಾಮಾನು! ಅವರು ಕಂಡುಕೊಂಡ ನಿಯಮ ಇದು: ಅನಿಲದ ಅಣು ಹಗುರವಾದಷ್ಟೂ ವೇಗ ಹೆಚ್ಚು. ವೇಗವು ಅಣುವಿನ ತೂಕದ ವರ್ಗಮೂಲಕ್ಕೆ ವಿಲೋಮವಾಗಿರುತ್ತದೆ.

ಜಲಜನಕದ ಅಣುತೂಕ 2, ಡೈ ಆಕ್ಸೈಡಿನದು 44. ಭಾಗಿಸಿದರೆ 22, ಅದರ ವರ್ಗಮೂಲ ಸುಮಾರು 4.7. ಅಂದರೆ ಸಣ್ಣ ತೂತಿನ ಗೋಡೆಯಲ್ಲಿ ಜಲಜನಕ 4.7 ಪಟ್ಟು ಬೇಗ ನುಸುಳುತ್ತದೆ.

ನಮ್ಮ ಶಾಲೆಯ ಬೀರುವಿನಲ್ಲಿ ಡೇನಿಯಲ್ ಕೋಶದ ಜೊತೆ ಬಂದ, ಮೆರುಗಿಲ್ಲದ ಬಿಳಿ ಕುಡಿಕೆ ಇದೆ. ಆ ಕುಡಿಕೆಯ ಬಾಯಿಗೆ ಬಿರಟೆ ಹಾಕಿ, ಅದರಿಂದ ಒಂದು ಗಾಜಿನ ಕೊಳವೆಯನ್ನು ನೀರಿಗೆ ಇಳಿಬಿಡುತ್ತಾರೆ. ಮೇಲಿಂದ ಜಲಜನಕ ತುಂಬಿದ ಜಾಡಿಯನ್ನು ಕವುಚಿದರೆ ನೀರಿನಲ್ಲಿ ಗುಳ್ಳೆ ಬರುತ್ತದೆ. ಯಾಕೆ? ಒಳಗಿನ ಗಾಳಿ ಹೊರಗೆ ಹೋಗುವುದಕ್ಕಿಂತ ಸುಮಾರು 3.8 ಪಟ್ಟು ಬೇಗ ಹೊರಗಿನ ಜಲಜನಕ ಕುಡಿಕೆಯೊಳಗೆ ನುಗ್ಗುತ್ತದೆ, ಒಳಗೆ ಒತ್ತಡ ಏರುತ್ತದೆ. ಜಾಡಿ ತೆಗೆದರೆ ಉಲ್ಟಾ: ಜಲಜನಕ ಬೇಗ ಹೊರಗೋಡುತ್ತದೆ, ನೀರು ಕೊಳವೆಯಲ್ಲಿ ಮೇಲೇರುತ್ತದೆ. ಇದನ್ನು ಮೇಷ್ಟ್ರು ಇಲ್ಲದೆ ಯಾರೂ ಮಾಡಕೂಡದು. ಗಾಳಿಯಲ್ಲಿ ಜಲಜನಕ ನೂರಕ್ಕೆ 4 ಭಾಗದಿಂದ 75 ಭಾಗದವರೆಗೆ ಎಷ್ಟಿದ್ದರೂ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ, ಅದರ ಜ್ವಾಲೆ ಹಗಲಲ್ಲಿ ಕಣ್ಣಿಗೂ ಸರಿಯಾಗಿ ಕಾಣುವುದಿಲ್ಲ.

ಇಷ್ಟು ಸಾಕೇ? ಸಾಲದು. ಜಲಜನಕ ಅರ್ಧ, ಡೈ ಆಕ್ಸೈಡ್ ಅರ್ಧ ಇರುವ ಅನಿಲವನ್ನು ಈ ಗೋಡೆಯಲ್ಲಿ ಒಂದು ಸಲ ಹಾಯಿಸಿದರೆ ಆಚೆ ಬರುವುದು ಹೆಚ್ಚೆಂದರೆ ನೂರಕ್ಕೆ 82 ಭಾಗ ಜಲಜನಕ. ನಮಗೆ ಬೇಕಾದ್ದು 99.97. ಗಡಿಗೆಯ ತೂತು ಓಟದ ಪಂದ್ಯ ಇದ್ದ ಹಾಗೆ. ಬೇಗ ಓಡುವವನು ಮುಂದೆ ಬರುತ್ತಾನೆ, ನಿಧಾನದವನೂ ಹಿಂದೆಯೇ ಬರುತ್ತಾನೆ. ನಮಗೆ ಬೇಕಾದ್ದು ಪಂದ್ಯ ಅಲ್ಲ, ಬಾಗಿಲು.

6. ಎರಡನೇ ಬಗೆ: ಅಣುವಿನ ಜರಡಿ

ಬಾಗಿಲು ಎಷ್ಟು ಚಿಕ್ಕದಿರಬೇಕು? ಅಣುಗಳ ಅಗಲ ನೋಡಿ. ನ್ಯಾನೋಮೀಟರ್ ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಭಾಗ.

ಜಲಜನಕ: 0.289 ನ್ಯಾನೋಮೀಟರ್
ಇಂಗಾಲದ ಡೈ ಆಕ್ಸೈಡ್: 0.33
ಸಾರಜನಕ: 0.364
ಇಂಗಾಲದ ಮಾನಾಕ್ಸೈಡ್: 0.376
ಮೀಥೇನ್: 0.38

ಜಲಜನಕಕ್ಕೂ ಡೈ ಆಕ್ಸೈಡಿಗೂ ಇರುವ ಅಂತರ ಬರೀ 0.04 ನ್ಯಾನೋಮೀಟರ್. ರಾಗಿ ಜರಡಿ, ಹಿಟ್ಟಿನ ಜರಡಿ ಅಂತ ಮನೆಯಲ್ಲಿ ಬೇರೆ ಬೇರೆ ಇರುತ್ತದಲ್ಲ, ಹಾಗೆ ಈ ಅಂತರಕ್ಕೆ ಹೊಂದುವ ಕಣ್ಣಿನ ಜರಡಿ ಹೆಣೆಯಬೇಕು. ತಂತಿಯಿಂದ ಆಗದ ಮಾತು.

ಇಲ್ಲಿ ಒಂದು ಹಳ್ಳಿ ಉಪಾಯ ಜ್ಞಾಪಕಕ್ಕೆ ಬರುತ್ತದೆ. ಹೊಸ ಮಡಕೆಯಲ್ಲಿ ಅಡಿಗೆ ಮಾಡುವ ಮೊದಲು ಗಂಜಿ ಕಾಯಿಸಿ ಪಳಗಿಸುತ್ತಾರೆ. ಗಂಜಿ ತೂತಿನೊಳಗೆ ಇಳಿದು ಒಣಗಿ, ತೂತು ಕಿರಿದಾಗುತ್ತದೆ, ಸೋರುವುದು ನಿಲ್ಲುತ್ತದೆ. ವಿಜ್ಞಾನಿಗಳು ಮಾಡುವುದೂ ಹೆಚ್ಚು ಕಡಿಮೆ ಇದನ್ನೇ. ಮೊದಲು ಅಲ್ಯೂಮಿನಾ ಪುಡಿಯಿಂದ ಗಟ್ಟಿ ಕೊಳವೆ ಅಥವಾ ಬಿಲ್ಲೆ ಸುಡುತ್ತಾರೆ. ಇದು ಭಾರ ಹೊರುವುದಕ್ಕೆ, ಇದರ ತೂತು ದೊಡ್ಡದು. ಅದರ ಮೇಲೆ ಇನ್ನೂ ನಯವಾದ ಅಲ್ಯೂಮಿನಾ ಪದರ, ಅದರ ತೂತು ಸುಮಾರು 5 ನ್ಯಾನೋಮೀಟರ್. ಕೊನೆಗೆ ಸಿಲಿಕಾದ ತಿಳಿ ಗಂಜಿಯಂಥ ದ್ರವದಲ್ಲಿ ಅದ್ದಿ, ಒಣಗಿಸಿ, ಹದವಾಗಿ ಸುಡುತ್ತಾರೆ. ಸಿಲಿಕಾ ಅಂದರೆ ಮರಳಿನ ಪದಾರ್ಥ. ಆ ಸಿಲಿಕಾ ಪದರವೇ ಜರಡಿ.

ನೆದರ್ಲೆಂಡ್ಸ್ ದೇಶದ ಟ್ವೆಂಟೆ ವಿಶ್ವವಿದ್ಯಾಲಯದ ಡಿ ವೋಸ್ ಮತ್ತು ವರ್ವೈ ಎಂಬ ಇಬ್ಬರು 1998ರಲ್ಲಿ ಇಂಥ ಪದರವನ್ನು ಬರೀ 30 ನ್ಯಾನೋಮೀಟರ್ ದಪ್ಪಕ್ಕೆ ಮಾಡಿ ತೋರಿಸಿದರು. ನಮ್ಮ ತಲೆಕೂದಲು ಸುಮಾರು 80,000 ನ್ಯಾನೋಮೀಟರ್ ದಪ್ಪ ಅಂತ ಇಟ್ಟುಕೊಂಡರೆ ಅದರ ಎರಡೂವರೆ ಸಾವಿರದಲ್ಲಿ ಒಂದು ಪಾಲು! ಅವರು ಈ ಕೆಲಸವನ್ನು ಧೂಳಿಲ್ಲದ ಕೋಣೆಯಲ್ಲಿ ಮಾಡಿದರು. ಯಾಕೆಂದರೆ ಒಂದು ಧೂಳಿನ ಕಣ ಕೂತರೆ ಅಲ್ಲಿ ತೂತು ಬೀಳುತ್ತದೆ. ಕೆರೆ ಏರಿಯಲ್ಲಿ ಒಂದು ಇಲಿ ಬಿಲ ಇದ್ದರೆ ಸಾಕಲ್ಲ, ಹಾಗೆ ಎಲ್ಲ ಅನಿಲವೂ ಅದರಲ್ಲೇ ನುಗ್ಗುತ್ತದೆ. ಇದು ಕುಂಬಾರರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಮಣ್ಣಿನಲ್ಲಿ ಒಂದು ಸುಣ್ಣದ ಹರಳು ಉಳಿದರೂ ಸುಟ್ಟ ಗಡಿಗೆ ಅಲ್ಲೇ ಸಿಡಿಯುತ್ತದೆ. "ಹರಳು ಆಯೋದ್ರಲ್ಲೇ ಅರ್ಧ ಕಸುಬು ಐತೆ" ಅಂತ ನಮ್ಮ ತಾತ ಹೇಳುತ್ತಿದ್ದರು.

7. ಮೂರನೇ ಬಗೆ: ತೂತೇ ಇಲ್ಲದ ಗೋಡೆ

ಈಗ ಬರುವುದು ನನಗೆ ಎಲ್ಲಕ್ಕಿಂತ ಆಶ್ಚರ್ಯವಾದ ಸಂಗತಿ. ತೂತೇ ಇಲ್ಲದ ಗೋಡೆಯಲ್ಲೂ ಜಲಜನಕ ಹಾದುಹೋಗುತ್ತದೆ.

ಇದರ ಒಂದು ಸುಳಿವು ಗ್ರಹಾಂ ಅವರಿಗೂ ಸಿಕ್ಕಿತ್ತು, 1866ರಲ್ಲಿ. ಪಲ್ಲಾಡಿಯಂ ಎಂಬ ಲೋಹ ತನ್ನ ಗಾತ್ರದ ನೂರಾರು ಪಟ್ಟು ಜಲಜನಕ ಹೀರುತ್ತದೆ ಅಂತ ಅವರು ಕಂಡರು. ಪಲ್ಲಾಡಿಯಂ ತಗಡಿನ ಮೂಲಕ ಜಲಜನಕ ಒಂದೇ ದಾಟುತ್ತದೆ. ಆದರೆ ಅದು ಬೆಲೆಬಾಳುವ ಲೋಹ. ಅದಕ್ಕೇ ಈಗ ಸೆರಾಮಿಕ್ ಕೊಳವೆಯ ಮೇಲೆ ಪಲ್ಲಾಡಿಯಂ ಲೇಪ ಮಾತ್ರ ಕೊಡುತ್ತಾರೆ. ಬೆಳ್ಳಿ ಬೆರೆಸಿ, ಜಲಜನಕ ತಾಗಿದಾಗ ಬಿರುಕು ಬಿಡದ ಹಾಗೆ ನೋಡಿಕೊಳ್ಳುತ್ತಾರೆ.

ಲೋಹವೇ ಇಲ್ಲದೆ ಬರೀ ಸೆರಾಮಿಕ್‌ನಲ್ಲಿ ಇದು ಸಾಧ್ಯವೇ? 1981ರಲ್ಲಿ ಜಪಾನಿನ ಹಿರೊಯಾಸು ಇವಹಾರಾ ಮತ್ತು ಅವರ ಜೊತೆಗಾರರು ಸಾಧ್ಯ ಎಂದು ತೋರಿಸಿದರು. ಅವರು ತೆಗೆದುಕೊಂಡದ್ದು ಸ್ಟ್ರಾಂಷಿಯಂ, ಸೀರಿಯಂ, ಆಮ್ಲಜನಕ ಕೂಡಿದ ಸೆರಾಮಿಕ್. ಆಮೇಲೆ ಬೇರಿಯಂ, ಜಿರ್ಕೋನಿಯಂ ಕೂಡಿದವು ಬಂದವು. ಇವು ಕೆಲಸ ಮಾಡುವುದು ಸುಮಾರು 600ರಿಂದ 900 ಡಿಗ್ರಿ ಶಾಖದಲ್ಲಿ.

ಹೇಗೆ ದಾಟುತ್ತದೆ? ಮನೆಗೆ ತಾರಸಿ ಹಾಕುವ ದಿನ ನೋಡಿದ್ದೀರಲ್ಲ. ಸಾಲಾಗಿ ನಿಂತ ಆಳುಗಳು ಕಾಂಕ್ರೀಟಿನ ಬಾಂಡ್ಲಿಯನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಆಳು ನಿಂತಲ್ಲೇ ಇರುತ್ತಾನೆ, ಬಾಂಡ್ಲಿ ಮಾತ್ರ ಮೇಲೆ ಹೋಗುತ್ತದೆ. ಸೆರಾಮಿಕ್ ಹರಳಿನಲ್ಲಿ ಆಮ್ಲಜನಕದ ಅಯಾನುಗಳು ಸಾಲಾಗಿ ನಿಂತ ಆಳುಗಳು. ಗೋಡೆಯ ಈಚೆ ಬದಿಯಲ್ಲಿ ಜಲಜನಕದ ಅಣು ಒಡೆದು, ತನ್ನ ಎಲೆಕ್ಟ್ರಾನ್ ಕಳಚಿ, ಪ್ರೋಟಾನ್ ಆಗುತ್ತದೆ. ಆ ಪ್ರೋಟಾನ್ ಒಂದು ಆಮ್ಲಜನಕದಿಂದ ಪಕ್ಕದ ಆಮ್ಲಜನಕಕ್ಕೆ ಜಿಗಿಯುತ್ತಾ ಆಚೆ ಬದಿ ಸೇರುತ್ತದೆ. ಅಲ್ಲಿ ಎಲೆಕ್ಟ್ರಾನ್ ಸಿಕ್ಕಿದ ಕೂಡಲೇ ಮತ್ತೆ ಜಲಜನಕದ ಅಣು. ಡೈ ಆಕ್ಸೈಡ್, ಮೀಥೇನ್, ಸಾರಜನಕ ಯಾವುದಕ್ಕೂ ಹೀಗೆ ಬಾಂಡ್ಲಿಯಾಗಲು ಬರುವುದಿಲ್ಲ. ಆದ್ದರಿಂದ ಗೋಡೆಯಲ್ಲಿ ಬಿರುಕಿಲ್ಲದಿದ್ದರೆ ಆಚೆ ಸಿಗುವುದು ಜಲಜನಕ ಮಾತ್ರ.

ಒಂದು ಪ್ರಶ್ನೆ ಉಳಿಯಿತು. ಕಳಚಿದ ಎಲೆಕ್ಟ್ರಾನ್ ಆಚೆಗೆ ಹೋಗುವುದು ಹೇಗೆ? ಅದಕ್ಕೆ ಎರಡು ದಾರಿ. ಸೆರಾಮಿಕ್ ಪುಡಿಗೆ ನಿಕ್ಕಲ್‌ನಂಥ ಲೋಹದ ಪುಡಿ ಬೆರೆಸಿ ಸುಟ್ಟರೆ ಲೋಹದ ಮೂಲಕ ಎಲೆಕ್ಟ್ರಾನ್ ಹೋಗುತ್ತದೆ. ಇಲ್ಲದಿದ್ದರೆ ಹೊರಗಿನಿಂದ ತಂತಿ ಕೊಟ್ಟು ವಿದ್ಯುತ್ತಿನಿಂದಲೇ ಪ್ರೋಟಾನನ್ನು ದೂಡಬಹುದು.

8. ಬಾವಿಯ ಸೆಲೆಯಂತೆ

ಬಿಸಿಯಲ್ಲೇ ಕೆಲಸ ಮಾಡುವ ಪೊರೆಯಿಂದ ಇನ್ನೊಂದು ಲಾಭ ಇದೆ. ಬಾವಿಯಲ್ಲಿ ನೀರು ಸೇದಿದಷ್ಟೂ ಸೆಲೆ ಬಿಟ್ಟು ಮತ್ತೆ ತುಂಬುತ್ತದೆ, ಸೇದದಿದ್ದರೆ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ. ಮೀಥೇನ್ ಮತ್ತು ನೀರಾವಿಯ ಕ್ರಿಯೆಯೂ ಹೀಗೇ. ಜಲಜನಕ ಅಲ್ಲೇ ಕೂತಿದ್ದರೆ ಕ್ರಿಯೆ ಅರ್ಧದಲ್ಲಿ ಸಮಸ್ಥಿತಿಗೆ ಬರುತ್ತದೆ. ಒಲೆಯೊಳಗೇ ಪೊರೆ ಇಟ್ಟು ಜಲಜನಕವನ್ನು ಆಗಿಂದಾಗ್ಗೆ ಸೇದಿ ತೆಗೆದರೆ ಕ್ರಿಯೆ ಮುಂದುವರಿಯುತ್ತಲೇ ಇರುತ್ತದೆ. ಮಾಡುವ ಪಾತ್ರೆ, ಸೋಸುವ ಜರಡಿ ಎರಡೂ ಒಂದೇ ಆಯಿತು. ಎಲ್ಲ ಜಲಜನಕ ತೆಗೆದ ಮೇಲೆ ಈಚೆ ಉಳಿಯುವುದು ಬಹುಪಾಲು ಡೈ ಆಕ್ಸೈಡ್. ಅದು ಆಕಾಶಕ್ಕೆ ಹೋಗದ ಹಾಗೆ ಹಿಡಿದಿಡುವುದೂ ಸುಲಭ. ಹಳೆಯ ರೀತಿಯಲ್ಲಿ ಒಂದು ಕಿಲೋ ಜಲಜನಕಕ್ಕೆ ಸುಮಾರು 9ರಿಂದ 10 ಕಿಲೋ ಡೈ ಆಕ್ಸೈಡ್ ಗಾಳಿಗೆ ಸೇರುತ್ತದೆ. ಆದ್ದರಿಂದ ಇದು ಸಣ್ಣ ಮಾತಲ್ಲ.

ನಾರ್ವೆ, ಸ್ಪೇನ್ ದೇಶಗಳ ವಿಜ್ಞಾನಿಗಳು ಕೂಡಿ ಮಾಡಿದ ಇಂಥ ಒಂದು ಯಂತ್ರದ ವರದಿ 2022ರ ಏಪ್ರಿಲ್‌ನಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಅದರಲ್ಲಿ 36 ಸೆರಾಮಿಕ್ ಕೋಶಗಳಿದ್ದವು. ವಿದ್ಯುತ್ತಿನ ಸಹಾಯದಿಂದ ನೂರಕ್ಕೆ 99ಕ್ಕಿಂತ ಹೆಚ್ಚು ಜಲಜನಕವನ್ನು ಅವರು ಬೇರ್ಪಡಿಸಿದರು. ಮೀಥೇನ್ ಅಲ್ಲದೆ ಅಮೋನಿಯಾ ಮತ್ತು ಜೈವಿಕ ಅನಿಲದ ಜೊತೆಗೂ ಪ್ರಯೋಗ ಮಾಡಿದರು. ಜೈವಿಕ ಅನಿಲ ಅಂದರೆ ನಮ್ಮ ಗೋಬರ್ ಗ್ಯಾಸಿನ ಜಾತಿಯೇ!

9. ಹಾಗಾದರೆ ತೊಡಕೇನು?

ಇಷ್ಟೆಲ್ಲ ಚೆನ್ನಾಗಿದ್ದರೆ ಎಲ್ಲ ಕಾರ್ಖಾನೆಯಲ್ಲೂ ಯಾಕಿಲ್ಲ? ತೊಡಕುಗಳಿವೆ, ಅವೂ ಕುಂಬಾರರ ತೊಡಕುಗಳೇ.

(ಅ) ಬಿರುಕು. ಆವಿಗೆಯನ್ನು ಗಡಿಬಿಡಿಯಲ್ಲಿ ತೆರೆದರೆ ತಣ್ಣನೆ ಗಾಳಿ ತಾಗಿ ಗಡಿಗೆ ಸೀಳುತ್ತದೆ. ಸೆರಾಮಿಕ್ ಪೊರೆಯನ್ನೂ ಬಿಸಿ ಮಾಡಿ ತಣಿಸಿ, ಮತ್ತೆ ಬಿಸಿ ಮಾಡಿದರೆ ಹೀಗಾಗುವ ಭಯ ಇದೆ.

(ಆ) ಬೆಸುಗೆ. ಸೆರಾಮಿಕ್ ಕೊಳವೆಯನ್ನು ಉಕ್ಕಿನ ಕೊಳವೆಗೆ ಸೇರಿಸಬೇಕು. ಶಾಖಕ್ಕೆ ಉಕ್ಕು ಹೆಚ್ಚು ಹಿಗ್ಗುತ್ತದೆ, ಸೆರಾಮಿಕ್ ಕಡಿಮೆ ಹಿಗ್ಗುತ್ತದೆ. ಕೂಡಿಸಿದ ಜಾಗದಲ್ಲೇ ಸೋರುತ್ತದೆ.

(ಇ) ನೀರಾವಿ. ಬಿಸಿ ನೀರಾವಿ ತಾಗಿದರೆ ಸಿಲಿಕಾ ಪದರ ನಿಧಾನವಾಗಿ ಕುಗ್ಗಿ, ಜರಡಿಯ ಕಣ್ಣು ಮುಚ್ಚಿಕೊಳ್ಳುತ್ತದೆ. ಆದರೆ ಜಲಜನಕ ಮಾಡುವ ಜಾಗದಲ್ಲಿ ನೀರಾವಿ ಇಲ್ಲದೆ ಇರುವುದಿಲ್ಲ!

(ಈ) ಡೈ ಆಕ್ಸೈಡ್. ಬೇರಿಯಂ ಮತ್ತು ಸೀರಿಯಂ ಸೆರಾಮಿಕ್‌ಗೆ ಡೈ ಆಕ್ಸೈಡ್ ತಾಗಿದರೆ ಬೇರಿಯಂ ಕಾರ್ಬೊನೇಟ್ ಆಗಿ ಪೊರೆ ಕೆಡುತ್ತದೆ. ಜಿರ್ಕೋನಿಯಂ ಸೇರಿಸಿದರೆ ತಡೆಯುತ್ತದೆ, ಆದರೆ ಅದನ್ನು ಗಟ್ಟಿಯಾಗಿ ಸುಡುವುದು ಕಷ್ಟ. ಬರೀ ಜಿರ್ಕೋನಿಯಂನದಾದರೆ 1,600 ಡಿಗ್ರಿಗೂ ಮೇಲೆ ಶಾಖ ಬೇಕಾಗುತ್ತದೆ. ನಮ್ಮ ಊರಿನ ಆವಿಗೆಯಂಥದ್ದರಲ್ಲಿ 700ರಿಂದ 900 ಡಿಗ್ರಿ ಬಂದರೆ ಹೆಚ್ಚು.

(ಉ) ದಪ್ಪ ಮತ್ತು ವೇಗ. ಪೊರೆ ದಪ್ಪವಾದರೆ ಜಲಜನಕ ನಿಧಾನ, ತೆಳುವಾದರೆ ಒಡೆಯುವ ಭಯ. ಗಡಿಗೆಗೂ ಇದೇ ಗಾದೆ.

ಆದ್ದರಿಂದ ಇವತ್ತಿಗೆ ದೊಡ್ಡ ಕಾರ್ಖಾನೆಗಳ ಕೆಲಸವನ್ನು ಮೂರನೇ ಭಾಗದಲ್ಲಿ ಹೇಳಿದ ಗೋಪುರಗಳೇ ನಡೆಸುತ್ತಿವೆ. ಜಲಜನಕದ ಸೆರಾಮಿಕ್ ಪೊರೆ ಹೆಚ್ಚಾಗಿ ಪ್ರಯೋಗಶಾಲೆಯಲ್ಲೂ ಸಣ್ಣ ಯಂತ್ರಗಳಲ್ಲೂ ಇದೆ.

10. ನಮಗೂ ಇದಕ್ಕೂ ಏನು ಸಂಬಂಧ?

ನಮ್ಮ ದೇಶ 2023ರ ಜನವರಿಯಲ್ಲಿ ಹಸಿರು ಜಲಜನಕದ ರಾಷ್ಟ್ರೀಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. 2030ರ ಹೊತ್ತಿಗೆ ವರ್ಷಕ್ಕೆ 50 ಲಕ್ಷ ಟನ್ ತಯಾರಿಸುವ ಶಕ್ತಿ ಬರಬೇಕು ಎನ್ನುವುದು ಅದರ ಗುರಿ. ಅದಕ್ಕೆ ಇಟ್ಟ ಹಣ 19,744 ಕೋಟಿ ರೂಪಾಯಿ. ಸೂರ್ಯನ ಬೆಳಕು, ಗಾಳಿಯಿಂದ ಬಂದ ವಿದ್ಯುತ್ತಿನಲ್ಲಿ ನೀರನ್ನು ಒಡೆದು ಜಲಜನಕ ತೆಗೆಯುವ ಯೋಜನೆ ಅದು. ಹಾಗೆ ತೆಗೆದ ಜಲಜನಕವನ್ನು ದೂರ ಸಾಗಿಸಲು ಅಮೋನಿಯಾ ಮಾಡಿದರೆ, ಮುಟ್ಟಿದ ಮೇಲೆ ಅದನ್ನು ಒಡೆದು ಮತ್ತೆ ಸಾರಜನಕದಿಂದ ಬೇರ್ಪಡಿಸಬೇಕು. ಅಲ್ಲೂ ಜರಡಿ ಬೇಕೇ ಬೇಕು.

ಸೆರಾಮಿಕ್ ಪೊರೆ ಮಾಡುವ ವಿದ್ಯೆ ನಮ್ಮಲ್ಲಿ ಇಲ್ಲದ್ದೇನಲ್ಲ. ಕೊಲ್ಕತ್ತಾದಲ್ಲಿ ಕೇಂದ್ರೀಯ ಗಾಜು ಮತ್ತು ಸೆರಾಮಿಕ್ ಸಂಶೋಧನಾ ಸಂಸ್ಥೆ 1950ರಿಂದ ಇದೆ. ಅಲ್ಲಿಯವರು ಸೆರಾಮಿಕ್ ಪೊರೆಯಿಂದ ಕುಡಿಯುವ ನೀರಿನ ಕಬ್ಬಿಣ, ಆರ್ಸೆನಿಕ್ ತೆಗೆಯುವ ಸೋಸುಕಗಳನ್ನು ಮಾಡಿದ್ದಾರೆ. ಆರ್ಸೆನಿಕ್ ನೀರು ಕುಡಿದು ಕಾಯಿಲೆ ಬೀಳುವ ಊರುಗಳಿಗೆ ಅದು ಜೀವದ ಪ್ರಶ್ನೆ.

ಇದನ್ನೆಲ್ಲ ನಾನು ಯಾಕೆ ಇಷ್ಟು ಉದ್ದ ಬರೆದೆ ಅಂದರೆ, ನಮ್ಮ ಕೇರಿಯಲ್ಲಿ ತಿಗರಿ ತಿರುಗಿಸುವ ಮನೆ ಎರಡೇ ಉಳಿದಿವೆ. ಅಪ್ಪ "ಈ ಮಣ್ಣಿನ ಸಹವಾಸ ನನ್ನ ತಲೆಗೇ ಮುಗೀಲಿ, ನೀನು ಬೇರೆ ಏನಾದ್ರೂ ಓದ್ಕೊ" ಅನ್ನುತ್ತಾರೆ. ಅವರು ಹೇಳುವುದರಲ್ಲಿ ನ್ಯಾಯ ಇದೆ. ಈ ಪೊರೆಯಿಂದ ಅವರ ಗಡಿಗೆಯ ಬೆಲೆ ಒಂದು ರೂಪಾಯಿಯೂ ಹೆಚ್ಚಾಗುವುದಿಲ್ಲ. ಗಡಿಗೆ ಮಾಡಲು ಬಂದ ಮಾತ್ರಕ್ಕೆ ಪೊರೆ ಮಾಡಲು ಬರುವುದೂ ಇಲ್ಲ. ನಡುವೆ ಗಣಿತ, ರಸಾಯನಶಾಸ್ತ್ರ, ಭೌತಶಾಸ್ತ್ರ ಇವೆ. ಆದರೆ ಹರಳು ಆಯುವುದು, ಹದ ನೋಡುವುದು, ನಿಧಾನ ಒಣಗಿಸುವುದು, ಶಾಖ ಏರಿಸಿ ಇಳಿಸುವುದು, ಬಿರುಕು ಹುಡುಕುವುದು, ಇವು ಅಲ್ಲೂ ಇವೆ. ಈ ಕಸುಬಿನ ಮಕ್ಕಳಿಗೆ ಅಲ್ಲಿ ಹೊಸಬರಾಗುವ ಕಾರಣ ಇಲ್ಲ. ಹತ್ತನೇ ತರಗತಿ ಆದ ಮೇಲೆ ವಿಜ್ಞಾನ ತೆಗೆದುಕೊಂಡು, ಮುಂದೆ ಸೆರಾಮಿಕ್ ವಿಷಯವನ್ನೇ ಓದಬೇಕು ಅಂತ ನಾನು ಮನೆಯಲ್ಲಿ ಕೇಳಿದ್ದೇನೆ. ಅಪ್ಪ ಇನ್ನೂ ಹೂಂ ಅಂದಿಲ್ಲ, ಊಹೂಂ ಅಂತಲೂ ಅಂದಿಲ್ಲ.

ಯೋಚಿಸಿ ಉತ್ತರಿಸಿ

(1) ಆಮ್ಲಜನಕದ ಅಣುತೂಕ 32, ಜಲಜನಕದ್ದು 2. ಗಡಿಗೆಯ ಗೋಡೆಯಲ್ಲಿ ಜಲಜನಕ ಎಷ್ಟು ಪಟ್ಟು ಬೇಗ ಹೋಗುತ್ತದೆ?
(2) ಜರಡಿಯ ಕಣ್ಣು ಸರಿಯಾಗಿ 0.35 ನ್ಯಾನೋಮೀಟರ್ ಇದ್ದರೆ ಮೇಲಿನ ಪಟ್ಟಿಯ ಯಾವ ಯಾವ ಅನಿಲ ದಾಟುತ್ತವೆ? ಯಾವುವು ನಿಲ್ಲುತ್ತವೆ?
(3) ಜಾತ್ರೆಯಲ್ಲಿ ತಂದ ಹಗುರ ಅನಿಲದ ಬಲೂನು ಬೆಳಗಾಗುವುದರೊಳಗೆ ಸೊರಗುತ್ತದೆ, ಬಾಯಲ್ಲಿ ಊದಿದ ಬಲೂನು ಅಷ್ಟು ಬೇಗ ಸೊರಗುವುದಿಲ್ಲ. ಯಾಕೆ?

ಉತ್ತರಗಳನ್ನು ಚೀಟಿಯಲ್ಲಿ ಬರೆದು ವಿಜ್ಞಾನದ ಮೇಷ್ಟ್ರ ಮೇಜಿನ ಮೇಲಿರುವ ಡಬ್ಬಿಗೆ ಹಾಕಿ. ಸರಿ ಉತ್ತರ ಮತ್ತು ಬರೆದವರ ಹೆಸರು ಮುಂದಿನ ಸಂಚಿಕೆಯಲ್ಲಿ.

— 10ನೇ ತರಗತಿಯ ವಿದ್ಯಾರ್ಥಿ